ದೊಡ್ಡಪ್ಪನ ಎಡಗಾಲು

ದೊಡ್ಡಪ್ಪ: (ಫಾರ್ವರ್ಡ್) ಕಾಲಿನಲ್ಲಿ ನರ ಉಬ್ಬಿದೆಯೇ? ಪಾದ ಮೇಲಕ್ಕೆ ಬಗ್ಗಿಸಿ ನೋಡಿ. ಮೀನಖಂಡ ನೋಯದಿದ್ದರೆ ರಕ್ತ ಹೆಪ್ಪುಗಟ್ಟಿಲ್ಲ. ನೋವಿದ್ದರೆ ಬಿಸಿ ಹರಳೆಣ್ಣೆ ಹಚ್ಚಿ ಚೆನ್ನಾಗಿ ನೀವಿ, ಕರಗುತ್ತದೆ. ಎಲ್ಲರಿಗೂ ಕಳಿಸಿ 🙏

ಅಣ್ಣ: ಯಾವ ಡಾಕ್ಟರು ಹೇಳಿದ್ದು ದೊಡ್ಡಪ್ಪ? ಹೆಸರಿಲ್ಲ, ಊರಿಲ್ಲ.

ದೊಡ್ಡಪ್ಪ: ನಾನು ಏನು ಕಳಿಸಿದರೂ ನಿನಗೆ ತಪ್ಪೇ. ಅಜ್ಜನ ತಿಥಿಯ ದಿನ ಹಾಕಿದಾಗಲೂ ಹೀಗೇ ಕೇಳಿದೆ.

ಸೋದರಮಾವ: ದಿನವಿಡೀ ಕೂತು ಫೋನ್ ಒತ್ತಿದರೆ ಕಾಲು ಉಳಿಯುತ್ತಾ? ನಾವು ಸಂತೆಗೆ ನಡೆದೇ ಹೋಗುತ್ತಿದ್ದೆವು.

ತಂಗಿ: ಅಜ್ಜಿಯ ಕಾಲು ನೆನಪಿದೆಯಾ? ಮಂಡಿಯ ಹಿಂದೆ ಎರೆಹುಳು ಸುತ್ತಿಕೊಂಡ ಹಾಗೆ. ಒಲೆ ಮುಂದೆ ನಿಂತೇ ಇಡೀ ಮನೆಗೆ ದೋಸೆ ಹುಯ್ಯುತ್ತಿದ್ದರು 😢

ಚಿಕ್ಕಪ್ಪ: ಕೊನೆಗೆ ಅಮ್ಮನನ್ನು ನೋಡಿಕೊಂಡವರು ಯಾರು, ಅದೂ ನೆನಪಿರಲಿ.

ನಾನು: ಅಜ್ಜಿಗೆ ಇದ್ದದ್ದು ವೇರಿಕೋಸ್ ವೇನ್ಸ್. ಅದು ನರ ಅಲ್ಲ, ಚರ್ಮದ ಕೆಳಗಿನ ರಕ್ತನಾಳ. ಅದರ ಕವಾಟ ಸಡಿಲವಾದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಅಲ್ಲೇ ಹೆಪ್ಪುಗಟ್ಟಿದರೆ ನಾಳ ಕೆಂಪಗೆ, ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತದೆ. ಜಾಸ್ತಿ ಅಪಾಯ ಆಳದ ನಾಳದ ಹೆಪ್ಪಿನಿಂದ. ವೇರಿಕೋಸ್ ಇದ್ದವರಲ್ಲಿ ಅದು ಹೆಚ್ಚು ಅಂತ ತೈವಾನಿನ ದೊಡ್ಡ ಅಧ್ಯಯನವೊಂದರಲ್ಲಿ 2018ರಲ್ಲೇ ಕಂಡಿತ್ತು. ಇದೇ ಕಾರಣ ಅಂತ ಅಲ್ಲ, ಆದರೂ ಎಚ್ಚರ ಬೇಕು. ಪಾದ ಬಗ್ಗಿಸುವ ಪರೀಕ್ಷೆ ನಂಬಬೇಡಿ, ನೋವಿಲ್ಲದೆಯೂ ಹೆಪ್ಪು ಇರಬಹುದು. ನೀವಲೇಬೇಡಿ. ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಸೋದರಮಾವ: ಇಷ್ಟುದ್ದ ಬರೆದರೆ ಯಾರಮ್ಮ ಓದುತ್ತಾರೆ?

ದೊಡ್ಡಮ್ಮ: ನಾನು ಓದಿದೆ. ಇವರಿಗೆ ಮೂರು ದಿನದಿಂದ ನಾನೇ ಎಣ್ಣೆ ಹಚ್ಚಿ ನೀವುತ್ತಿದ್ದೇನೆ. ಪಂಢರಾಪುರದ ಬಸ್ಸು ಇಳಿದಾಗಿನಿಂದ ಎಡಗಾಲು ಊದಿದೆ. ಯಾರಿಗೂ ಹೇಳಬೇಡ ಅಂದಿದ್ದರು.

ಚಿಕ್ಕಪ್ಪ: ರೈಲಿಗೆ ಹೋಗಿ ಅಂದಿದ್ದೆ. ನನ್ನ ಮಾತು ಯಾವಾಗ ಕೇಳಿದ್ದಾರೆ?

ನಾನು: ಚಿಕ್ಕಪ್ಪ, ಅದು ಆಮೇಲೆ. ದೊಡ್ಡಮ್ಮ, ನೀವುವುದು ನಿಲ್ಲಿಸಿ. ನಾಲ್ಕು ಗಂಟೆಗಿಂತ ಜಾಸ್ತಿ ಕೂತು ಪ್ರಯಾಣ ಮಾಡಿದರೂ ಹೀಗಾಗಬಹುದು. ನಿಮ್ಮ ಹೊಲಿಗೆ ಟೇಪು ತಗೊಂಡು ಎರಡೂ ಮೀನಖಂಡ ಒಂದೇ ಎತ್ತರದಲ್ಲಿ ಅಳೆಯಿರಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಡಾಕ್ಟರು ಅದನ್ನು ಲೆಕ್ಕಕ್ಕೆ ತಗೊಳ್ಳುತ್ತಾರೆ. ಕಡಿಮೆ ಇದ್ದರೂ ತೋರಿಸಲೇಬೇಕು.

ದೊಡ್ಡಮ್ಮ: ಬಲ 34. ಎಡ 38. ಮುಟ್ಟಿದರೆ ಬಿಸಿ.

ನಾನು: ಈಗಲೇ ಆಸ್ಪತ್ರೆಗೆ ಹೊರಡಿ. ನಾಳದಲ್ಲಿ ರಕ್ತ ಹರಿಯುತ್ತಿದೆಯಾ, ಹೆಪ್ಪು ಇದೆಯಾ ನೋಡುವ ಡಾಪ್ಲರ್ ಸ್ಕ್ಯಾನ್ ಬೇಕು. ಎದೆನೋವು, ಏದುಸಿರು ಬಂದರೆ 108ಕ್ಕೆ ಫೋನ್ ಮಾಡಿ, ಕಾಯಬೇಡಿ.

ಅಣ್ಣ: ಕಾರು ತೆಗೆದೆ. ಹತ್ತು ನಿಮಿಷ.

ದೊಡ್ಡಪ್ಪ: ಗೇಟು ತೆಗೆದಿದೆ. ನಾಯಿ ಕಟ್ಟಿಸಿದ್ದೇನೆ, ಬಾ.