ಅಜ್ಜಿಯ ಕನ್ನಡಿ ಮೇಜಿಗೆ ಬಿಳಿ ಬಣ್ಣ ಹೊಡೆಯಲೇ, ಬೇಡವೇ?

ನೀಲಿಕಿಟಕಿ:

ಎಲ್ಲರಿಗೂ ನಮಸ್ಕಾರ. ಅಜ್ಜಿ ತೀರಿಕೊಂಡು ಒಂದು ವರ್ಷವಾಯಿತು. ಅವರ ಮನೆ ಖಾಲಿ ಮಾಡುವಾಗ ಕನ್ನಡಿ ಮೇಜು ಯಾರಿಗೂ ಬೇಡವಾಗಿತ್ತು. ನಾನೇ ಕೇಳಿ ತರಿಸಿಕೊಂಡೆ. ಈಗ ಅದನ್ನು ನೋಡಿದಾಗಲೆಲ್ಲ ಏನು ಮಾಡಬೇಕೋ ತೋಚುತ್ತಿಲ್ಲ.

ಮೇಜು ಹೆಚ್ಚುಕಡಿಮೆ ಕಪ್ಪಗಿದೆ. ಮೂರು ಡ್ರಾಯರ್, ಮೇಲೆ ಒಂದು ಉದ್ದನೆಯ ಕನ್ನಡಿ. ಎಡಗಡೆಯ ಡ್ರಾಯರ್ ಅರ್ಧ ಬಂದು ಸಿಕ್ಕಿಕೊಳ್ಳುತ್ತದೆ. ಹಿಂದಿನ ಒಂದು ಕಾಲು ಅಲ್ಲಾಡುತ್ತದೆ, ಅದೇ ಕಾಲಿನಲ್ಲಿ ಸೂಜಿಮೊನೆಯಷ್ಟು ದೊಡ್ಡ ತೂತುಗಳೂ ಇವೆ. ಮೇಲಿನ ಹಲಗೆಯಲ್ಲಿ ಲೋಟ ಇಟ್ಟ ಬಿಳಿ ಉಂಗುರಗಳು ನಾಲ್ಕು, ಹೂದಾನಿ ಇಟ್ಟ ಜಾಗದಲ್ಲಿ ಒಂದು ಕರಿ ಕಲೆ. ಕನ್ನಡಿಯ ಅಂಚಿನಲ್ಲೂ ಕಪ್ಪು ಚುಕ್ಕೆಗಳು.

ನಮ್ಮದು ಚಿಕ್ಕ ಮನೆ. ಗೋಡೆಗಳೆಲ್ಲ ತಿಳಿ ಬಣ್ಣ. ಈ ಕರಿ ಮೇಜು ತಂದಿಟ್ಟ ಮೇಲೆ ಕೋಣೆಯೇ ಕುಗ್ಗಿದ ಹಾಗೆ ಕಾಣುತ್ತದೆ. ಬಿಳಿ ಬಣ್ಣ ಹೊಡೆದರೆ ಚೆನ್ನಾಗಿರುತ್ತದೆ ಎನ್ನುವುದು ನನ್ನ ಯೋಚನೆ. ಅಣ್ಣನಿಗೆ ಇದು ಗೊತ್ತಾಗಿ ಎರಡು ದಿನ ಮಾತು ಬಿಟ್ಟಿದ್ದ. ಅದನ್ನು ಮೂಲೆಯಲ್ಲಿ ಸುಮ್ನೆ ಇಟ್ಟುಕೊಳ್ಳುವ ಆಸೆ ನನಗಿಲ್ಲ. ದಿನಾ ಕೂತು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಬೇಕು.

ಇನ್ನೊಂದು ವಿಷಯ. ಅಜ್ಜಿ ಬಟ್ಟೆ ಹೊಲಿಯುತ್ತಿದ್ದರು. ನಡುವಿನ ಡ್ರಾಯರ್ ಒಳಗಡೆ, ಪಕ್ಕದ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಅಳತೆಗಳಿವೆ. ಯಾರದ್ದೋ ಎದೆ, ಯಾರದ್ದೋ ತೋಳು. ಅದು ಮಾತ್ರ ಹೋಗಬಾರದು.

ಸಂಜೆಬೆಳಕು:

ಧೈರ್ಯವಾಗಿ ಬಣ್ಣ ಹೊಡೆಯಿರಿ. ದಿನಾ ಬಳಸುವ ಮೇಜು ಕಣ್ಣಿಗೆ ಹಿತವಾಗಿರಬೇಕು, ಅಲ್ವಾ? ನಾನು ಅಮ್ಮನ ಕಪಾಟಿಗೆ ತಿಳಿ ಹಸಿರು ಹೊಡೆದೆ, ಇವತ್ತಿಗೂ ಬೇಸರವಿಲ್ಲ. ಆದರೆ ಒಂದು ತಪ್ಪು ಮಾಡಿದ್ದೆ. ಗಾಢ ಬಣ್ಣದ ಮರದ ಮೇಲೆ ನೇರವಾಗಿ ಪೇಂಟ್ ಬಳಿದುಬಿಟ್ಟೆ. ವಾರದೊಳಗೆ ಒಳಗಿನಿಂದ ಹಳದಿ ಕಲೆಗಳು ಎದ್ದವು. ಮರದಲ್ಲಿರುವ ಒಗರು ನೀರಿನ ಪೇಂಟಿನಲ್ಲಿ ಕರಗಿ ಮೇಲೆ ಬರುತ್ತದೆ. ಎಷ್ಟು ಕೋಟ್ ಹೊಡೆದರೂ ನಿಲ್ಲುವುದಿಲ್ಲ. ಮೊದಲು ಅರಗಿನ ಪ್ರೈಮರ್ ಹೊಡೆದರೆ ಕಲೆ ಅಲ್ಲೇ ನಿಲ್ಲುತ್ತದೆ. ಮುಟ್ಟಿದರೆ ಒಣಗಿದ ಹಾಗೆ ಅನ್ನಿಸಿದರೂ ಪೇಂಟ್ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಭಾರದ ವಸ್ತು ಇಡಬೇಡಿ, ಅಂಟಿಕೊಳ್ಳುತ್ತದೆ.

ಉಳಿಸುತ್ತಿಗೆ:

ನೀಲಿಕಿಟಕಿ ಅವರೇ, ದಯವಿಟ್ಟು ಇವತ್ತೇ ಬ್ರಶ್ ಹಿಡಿಯಬೇಡಿ. ಬಣ್ಣ ಹೊಡೆಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಮೇಜಿನ ಬಣ್ಣ ಯಾವುದು ಅಂತ ನಿಮಗಿನ್ನೂ ಗೊತ್ತಿಲ್ಲ, ಅಷ್ಟೇ.

ಈ ಮಾತು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಪ್ಪನ ಬರೆಯುವ ಮೇಜನ್ನು ನಾನು ಕೈಯಾರೆ ಹಾಳು ಮಾಡಿದೆ. ಕರ್ರಗಿದೆ, ಉಜ್ಜಿಬಿಡೋಣ ಅಂತ ಸ್ಯಾಂಡಿಂಗ್ ಮಿಷನ್ ಹಿಡಿದೆ. ಮೇಲಿದ್ದದ್ದು ಗಟ್ಟಿ ಹಲಗೆ ಅಲ್ಲ, ವಿನೀರ್, ಅಂದರೆ ಅಗ್ಗದ ಮರದ ಮೇಲೆ ಅಂಟಿಸಿದ ಒಳ್ಳೆಯ ಮರದ ತೆಳು ಪದರ. ಒಂದು ನಿಮಿಷದಲ್ಲಿ ಅಂಗೈಯಷ್ಟು ಜಾಗದಲ್ಲಿ ಅಡಿಯ ಅಗ್ಗದ ಮರ ಕಾಣಿಸಿತು. ಅಪ್ಪ ಮೂವತ್ತು ವರ್ಷ ಕೈ ಊರಿದ ಜಾಗ ಅದು. ಹೋದದ್ದು ಮತ್ತೆ ಬರಲಿಲ್ಲ. ಆಮೇಲೆಯೇ ನಾನು ಈ ಕೆಲಸವನ್ನು ಸರಿಯಾಗಿ ಕಲಿತದ್ದು.

ಹಾಗಾಗಿ ಮೊದಲು ಹಲಗೆಯ ಅಂಚು ನೋಡಿ. ಮೇಲಿನ ಗೆರೆಗಳು ಅಂಚಿನಲ್ಲಿ ಹಾಗೇ ಇಳಿದು ಮುಂದುವರಿದರೆ ಗಟ್ಟಿ ಮರ. ಅಂಚಿನಲ್ಲಿ ಕಾಗದ ಅಂಟಿಸಿದ ಹಾಗೆ ಒಂದು ಪದರ ಕಂಡರೆ ವಿನೀರ್. ವಿನೀರ್ ಆದರೆ ಮಿಷನ್ ಮುಟ್ಟಲೇಬಾರದು.

ಆಮೇಲೆ ತೊಳೆಯಿರಿ. ಬಕೆಟ್‌ನಲ್ಲಿ ನೀರು ಸುರಿದು ಅಲ್ಲ. ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ ಹಾಕಿದ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಬೇಕು, ಕೂಡಲೇ ಒಣಬಟ್ಟೆ. ಮಾರನೆಯ ದಿನ ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಒರೆಸಿ. ವರ್ಷಗಟ್ಟಲೆ ಬಳಿದ ಮೇಣ, ಎಣ್ಣೆ, ಹೊಗೆಯ ಜಿಡ್ಡು ಎಲ್ಲ ಬಟ್ಟೆಗೆ ಬರುತ್ತದೆ. ಕಪ್ಪು ಅಂತ ನಾವು ಅಂದುಕೊಳ್ಳುವುದರಲ್ಲಿ ಬಹಳಷ್ಟು ಸಲ ಅರ್ಧ ಬರೀ ಕೊಳೆಯೇ ಆಗಿರುತ್ತದೆ.

ಈಗ ಪಾಲಿಶ್ ಯಾವುದು ಅಂತ ತಿಳಿಯಬೇಕು. ಹಿಂದಿನ ಕಾಲಿನ ಒಳಬದಿ, ಯಾರಿಗೂ ಕಾಣದ ಜಾಗದಲ್ಲಿ ಹತ್ತಿಯಿಂದ ಒಂದು ಹನಿ ಸ್ಪಿರಿಟ್, ಅಂದರೆ ಪಾಲಿಶ್ ಕೆಲಸಕ್ಕೆ ಬಳಸುವ ಆಲ್ಕೊಹಾಲ್ ಹಚ್ಚಿ. ಇದು ಟರ್ಪೆಂಟೈನ್ ಅಲ್ಲ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಒಂದು ನಿಮಿಷದಲ್ಲಿ ಅಂಟಂಟಾದರೆ ಅದು ಅರಗಿನ ಪಾಲಿಶ್. ಏನೂ ಆಗದಿದ್ದರೆ ಥಿನ್ನರ್ ಹಚ್ಚಿ ನೋಡಿ, ಅದಕ್ಕೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ವಾರ್ನಿಶ್ ಅಥವಾ ಪಾಲಿಯುರೆಥೇನ್. ಬೇಗ ಒಣಗುವ ಲ್ಯಾಕರ್ ಎಲ್ಲೆಡೆ ಬಳಕೆಗೆ ಬಂದದ್ದು 1920ರ ದಶಕದಲ್ಲಿ. ಅದಕ್ಕಿಂತ ಹಿಂದಿನ ಪಾಲಿಶ್ ಹಾಗೇ ಉಳಿದಿದ್ದರೆ ಅದು ಹೆಚ್ಚಾಗಿ ಅರಗು ಇಲ್ಲವೇ ಎಣ್ಣೆ ವಾರ್ನಿಶ್. ವಯಸ್ಸಿಗೆ ಇನ್ನೊಂದು ಗುರುತು ಸ್ಕ್ರೂ. ತಲೆಯಲ್ಲಿ ಕೂಡಿಸುವ ಚಿಹ್ನೆಯಂಥ ಸೀಳು ಇರುವ ಸ್ಕ್ರೂ ಬಂದದ್ದು 1930ರ ದಶಕದಲ್ಲಿ. ಮೊದಲಿಂದ ಹಾಕಿದ ಸ್ಕ್ರೂಗಳೇ ಹಾಗಿದ್ದರೆ ಮೇಜು ಅದಕ್ಕಿಂತ ಹಳೆಯದಲ್ಲ.

ಅರಗಾಗಿದ್ದರೆ ನಿಮ್ಮ ಅದೃಷ್ಟ. ಅರಗಿನ ಪಾಲಿಶ್ ಕಿತ್ತುಹಾಕಬೇಕಿಲ್ಲ. ಹೊಸ ಕೋಟ್ ಕೊಟ್ಟರೆ ಅದರ ಸ್ಪಿರಿಟ್ ಹಳೆಯದನ್ನೂ ಸ್ವಲ್ಪ ಕರಗಿಸಿ ಎರಡೂ ಒಂದಾಗುತ್ತವೆ. ಬಿಳಿ ಉಂಗುರ ಅಂದರೆ ಪಾಲಿಶ್ ಒಳಗೆ ಸಿಕ್ಕಿದ ತೇವ. ಸ್ಪಿರಿಟ್ ತೀರಾ ಸ್ವಲ್ಪ ತಾಗಿಸಿದ ಬಟ್ಟೆಯಿಂದ ಒಂದೇ ಸಲ ಹಗುರವಾಗಿ ಸವರಿದರೆ ಬಹಳಷ್ಟು ಹೋಗುತ್ತದೆ. ನಿಲ್ಲಿಸಿ ಉಜ್ಜಿದರೆ ಪಾಲಿಶೇ ಎದ್ದುಬರುತ್ತದೆ. ಹೂದಾನಿಯ ಕರಿ ಕಲೆ ಬೇರೆ ಕಥೆ, ಅಲ್ಲಿ ನೀರು ಮರಕ್ಕೇ ಇಳಿದಿದೆ. ಅದನ್ನು ತೆಗೆಯಲು ಪಾಲಿಶ್ ಪೂರ್ತಿ ಕಿತ್ತು ಆಕ್ಸಾಲಿಕ್ ಆಮ್ಲ ಹಚ್ಚಬೇಕು. ಅದು ವಿಷ, ಕೈಗವಸು ಬೇಕೇ ಬೇಕು. ನಾನಾಗಿದ್ದರೆ ಆ ಕಲೆಯನ್ನು ಬಿಡುತ್ತಿದ್ದೆ. ಅಲ್ಲಿ ಹೂದಾನಿ ಇಟ್ಟವರು ಅಜ್ಜಿ ತಾನೇ.

ಅಲ್ಲಾಡುವ ಕಾಲಿಗೆ ಮೊಳೆ ಹೊಡೆಯಬೇಡಿ. ಮೊಳೆಗೆ ಮರ ಸೀಳುತ್ತದೆ, ಆಮೇಲೆ ಯಾರಿಂದಲೂ ರಿಪೇರಿ ಆಗುವುದಿಲ್ಲ. ಹಳೆಯ ಕೆಲಸದಲ್ಲಿ ಸಾಮಾನ್ಯವಾಗಿ ಬಳಸುತ್ತಿದ್ದದ್ದು ಮರವಜ್ರ, ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು. ಬಿಸಿ ಮತ್ತು ತೇವಕ್ಕೆ ಅದು ಸಡಿಲವಾಗುತ್ತದೆ. ಕಾಲನ್ನು ನಿಧಾನವಾಗಿ ಬಿಡಿಸಿ, ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಅದರ ಮೇಲೆ ಬಿಳಿ ಅಂಟು ಹಿಡಿಯುವುದಿಲ್ಲ. ಹೊಸ ಅಂಟು ಹಾಕಿ ಕೂರಿಸಿ, ಸುತ್ತಲೂ ಹಗ್ಗ ಕಟ್ಟಿ, ಹಗ್ಗದ ನಡುವೆ ಕೋಲು ತೂರಿಸಿ ತಿರುಚಿ ಬಿಗಿ ಮಾಡಿ. ಒಂದು ಹಗಲು ಒಂದು ರಾತ್ರಿ ಹಾಗೇ ಬಿಡಿ.

ಹಳೆಕೀಲಿ:

ಮೇಲಿನವರು ತೂತುಗಳ ಬಗ್ಗೆ ಹೇಳಲಿಲ್ಲ. ಎಲ್ಲಕ್ಕಿಂತ ಮೊದಲು ಅದನ್ನೇ ನೋಡಬೇಕು, ಯಾಕೆಂದರೆ ಹುಳ ಜೀವಂತ ಇದ್ದರೆ ಮನೆಯ ಬೇರೆ ಮರಕ್ಕೂ ಹೋಗಬಹುದು. ಆ ಕಾಲಿನ ಕೆಳಗೆ ಕಪ್ಪು ಕಾಗದ ಹಾಸಿ. ಕಾಲನ್ನು ಚೆನ್ನಾಗಿ ತಟ್ಟಿ, ಉದುರಿದ ಪುಡಿ ಒರೆಸಿ, ಎರಡು ವಾರ ಬಿಡಿ. ಹಿಟ್ಟಿನಂಥ ತಿಳಿ ಬಣ್ಣದ ಹೊಸ ಪುಡಿ ಬಿದ್ದರೆ ಹುಳ ಒಳಗಿದೆ, ಔಷಧಿ ಹಾಕುವವರನ್ನು ಕರೆಯಿರಿ. ಏನೂ ಬೀಳದಿದ್ದರೂ ಸೆಖೆಗಾಲದಲ್ಲಿ ಇನ್ನೊಮ್ಮೆ ನೋಡಿ. ಆಗಲೂ ಇಲ್ಲದಿದ್ದರೆ ಅವು ಹಳೆಯ ತೂತುಗಳು, ಮರದ ಬಣ್ಣದ ಮೇಣ ತುಂಬಿದರೆ ಸಾಕು.

ಸಿಕ್ಕಿಕೊಳ್ಳುವ ಡ್ರಾಯರ್‌ಗೆ ಓಡುವ ಅಂಚಿನ ಮೇಲೆ ಮೇಣದಬತ್ತಿ ಉಜ್ಜಿ. ಮಳೆಗಾಲದಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತಿದ್ದರೆ ಮರ ಉಬ್ಬಿದೆ ಅಂತ ಅರ್ಥ, ಅವಸರಪಟ್ಟು ಕೆತ್ತಬೇಡಿ.

ನೀಲಿಕಿಟಕಿ:

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಉಳಿಸುತ್ತಿಗೆ ಸರ್, ಅಪ್ಪನ ಮೇಜಿನ ವಿಷಯ ಓದಿ ಸಂಕಟವಾಯಿತು. ಎರಡು ಅನುಮಾನ. ಕನ್ನಡಿ ಬದಲಿಸಬೇಕೇ? ಲ್ಯಾಪ್‌ಟಾಪ್ ವೈರ್‌ಗೆ ಹಿಂದೆ ತೂತು ಕೊರೆಯಬಹುದೇ?

ಉಳಿಸುತ್ತಿಗೆ:

ಕನ್ನಡಿ ಬೇಡ, ಹಾಗೇ ಇರಲಿ. ಹಿಂದಿನ ಬೆಳ್ಳಿಯ ಲೇಪ ತೇವಕ್ಕೆ ಕಪ್ಪಾಗಿದೆ, ಅಷ್ಟೇ. ಒರೆಸುವಾಗ ಕನ್ನಡಿಯ ಮೇಲೆ ನೀರು ಚಿಮುಕಿಸಬೇಡಿ, ಅಂಚಿನಿಂದ ಹಿಂದಕ್ಕೆ ಇಳಿಯುತ್ತದೆ. ಬಟ್ಟೆಗೆ ಚಿಮುಕಿಸಿಕೊಂಡು ಒರೆಸಿ.

ವೈರ್‌ಗೆ ಚೌಕಟ್ಟನ್ನು ಕೊರೆಯಬೇಡಿ. ಹಿಂದಿನ ತೆಳು ಹಲಗೆ ಬಿಚ್ಚಿ ಬರುವಂತಿದ್ದರೆ ಅದೇ ಅಳತೆಗೆ ಪ್ಲೈವುಡ್ ಕತ್ತರಿಸಿ, ತೂತನ್ನು ಅದರಲ್ಲಿ ಮಾಡಿ. ಹಳೆಯ ಹಲಗೆಯನ್ನು ಬಟ್ಟೆ ಸುತ್ತಿ ಎತ್ತಿಡಿ. ಬಿಳಿ ಬಣ್ಣದ ಆಸೆ ಇದ್ದರೆ ಅದನ್ನೂ ಆ ಪ್ಲೈವುಡ್‌ಗೇ ಹೊಡೆಯಿರಿ. ಕೂರುವ ಮೊದಲು ಅಳತೆ ನೋಡಿಕೊಳ್ಳಿ. ಕೆಲಸದ ಮೇಜು ಸುಮಾರು 75 ಸೆಂಟಿಮೀಟರ್ ಎತ್ತರ ಇರುತ್ತದೆ, ಕನ್ನಡಿ ಮೇಜು ಸ್ವಲ್ಪ ತಗ್ಗು ಇರಬಹುದು. ಡ್ರಾಯರ್ ಕೆಳಗೆ ಮಂಡಿಗೆ ಜಾಗ ಬೇಕು.

ಒಂದು ಎಚ್ಚರಿಕೆ ಹೇಳುವುದು ಮರೆತಿದ್ದೆ. ಅಗಸೆ ಎಣ್ಣೆ ಹಚ್ಚಿದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ನೀಲಿಕಿಟಕಿ:

ಒಂದೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕಪ್ಪು ಕಾಗದದ ಮೇಲೆ ಪುಡಿ ಬೀಳಲಿಲ್ಲ. ಸೆಖೆಗಾಲದಲ್ಲಿ ಮತ್ತೆ ನೋಡುತ್ತೇನೆ. ಅಂಚು ನೋಡಿದೆ, ಮೇಲಿನದು ಗಟ್ಟಿ ಮರವೇ. ಟರ್ಪೆಂಟೈನ್‌ನಲ್ಲಿ ಒರೆಸಿದಾಗ ಹನ್ನೊಂದು ಬಟ್ಟೆ ಕರ್ರಗಾದವು. ಏಳನೆಯ ಬಟ್ಟೆಯ ಹೊತ್ತಿಗೆ ಕೆಂಪು ಕಾಣಲು ಶುರುವಾಯಿತು. ಮಾಗಿದ ಇಟ್ಟಿಗೆಯಂಥ ಕೆಂಪು, ಅದರಲ್ಲಿ ತೆಳು ಗೆರೆಗಳು. ನಾನು ಹುಟ್ಟಿದಾಗಿನಿಂದ ಈ ಮೇಜು ನೋಡಿದ್ದೇನೆ. ಈ ಬಣ್ಣ ನೋಡಿರಲೇ ಇಲ್ಲ.

ಸ್ಪಿರಿಟ್ ಹನಿ ಅಂಟಂಟಾಯಿತು, ಅರಗೇ. ಎರಡು ಉಂಗುರ ಪೂರ್ತಿ ಹೋದವು, ಎರಡು ಮಸುಕಾದವು. ಕರಿ ಕಲೆ ಹಾಗೇ ಬಿಟ್ಟಿದ್ದೇನೆ. ಕಾಲು ಬಿಡಿಸುವಾಗ ಅಣ್ಣನೇ ಬಂದು ಹಗ್ಗ ತಿರುಚಿದ. ಪ್ಲೈವುಡ್‌ಗೆ ಮಾತ್ರ ಬಿಳಿ ಹೊಡೆದೆ. ಕಿಟಕಿಯ ಬಿಸಿಲು ನೇರ ಬೀಳದ ಗೋಡೆಗೆ ಇಟ್ಟಿದ್ದೇನೆ, ಕನ್ನಡಿಯಿಂದ ಕೋಣೆಗೆ ಬೆಳಕು ಜಾಸ್ತಿಯೇ ಆಗಿದೆ.

ಎಡಗಡೆಯ ಡ್ರಾಯರ್ ಸಿಕ್ಕಿಕೊಳ್ಳುತ್ತಿದ್ದದ್ದು ಮರ ಉಬ್ಬಿದ್ದರಿಂದ ಅಲ್ಲ. ಹೊರಗೆ ಎಳೆದು ನೋಡಿದರೆ ಹಿಂದೆ ಒಂದು ದಾರದ ಉಂಡೆ, ಅದಕ್ಕೆ ಚುಚ್ಚಿದ ಮೂರು ಸೂಜಿ. ನಡುವಿನ ಡ್ರಾಯರ್ ಒಳಗೆ ಒಣಬಟ್ಟೆಯನ್ನೂ ತಾಗಿಸಲಿಲ್ಲ. ಅಲ್ಲಿದ್ದ ಅಳತೆಗಳಲ್ಲಿ ಒಂದು ಅಣ್ಣನದ್ದು. ಅವನ ಹೆಸರು, ಪಕ್ಕದಲ್ಲಿ 'ಅಂಗಿ, ಭುಜ 11'.