ಹೊರಗಿಡುವ ಮರದ ಕೆತ್ತನೆಗೆ ಯಾವ ಪಾರದರ್ಶಕ ಲೇಪನ ಒಳ್ಳೆಯದು?

ಉಳಿಸುತ್ತಿಗೆ:
ಒಂದೇ ದಿಮ್ಮಿಯಲ್ಲಿ ಕೆತ್ತಿದ ನಾಲ್ಕು ಅಡಿ ಎತ್ತರದ ಕೊಕ್ಕರೆ ಇದೆ. ಅಂಗಳದಲ್ಲಿ ನಿಲ್ಲಿಸಬೇಕು, ಬಿಸಿಲು, ಮಳೆ ಎರಡೂ ನೇರವಾಗಿ ಬೀಳುತ್ತವೆ. ಮರದ ಬಣ್ಣ, ಎಳೆ ಕಾಣುತ್ತಿರಬೇಕು. ರೆಕ್ಕೆಯ ಗೆರೆಗಳು ತೀರಾ ಸಣ್ಣವು, ದಪ್ಪಗೆ ಹಚ್ಚಿದರೆ ಮುಚ್ಚಿಹೋಗುತ್ತವೆ. ಪಿಯು (ಪಾಲಿಯುರೆಥೇನ್), ಸ್ಪಾರ್ ವಾರ್ನಿಷ್ (ಹೊರಾಂಗಣದ ವಾರ್ನಿಷ್), ಎಣ್ಣೆ, ಇವುಗಳಲ್ಲಿ ಯಾವುದು? ಎಷ್ಟು ಕೋಟ್?

ಮರದೆಳೆ:
ಡಬ್ಬಿ ಆರಿಸುವ ಮುಂಚೆ ಮರ ಒಣಗಿದೆಯೇ ನೋಡಿ. ತೇವಾಂಶ 15%ಗಿಂತ ಕಡಿಮೆ ಇರಬೇಕು. ಮರಕ್ಕೆ ಸೂಜಿ ಚುಚ್ಚಿ ತೇವ ಅಳೆಯುವ ಪಿನ್ ಮೀಟರ್ ಮೇಲ್ಪದರವನ್ನಷ್ಟೇ ಅಳೆಯುತ್ತದೆ. ಇಡೀ ದಿಮ್ಮಿಯ ಒಳಗೆ ಅದಕ್ಕಿಂತ ಹೆಚ್ಚು ನೀರಿರುತ್ತದೆ. ಹಸಿ ದಿಮ್ಮಿಗೆ ವಾರ್ನಿಷ್ ಬಳಿದರೆ ಒಳಗಿನ ನೀರು ಹೊರಬರಲಾಗದೆ ಪದರ ಗುಳ್ಳೆ ಏಳುತ್ತದೆ, ಅದರಡಿಯಲ್ಲೇ ಕೊಳೆತ ಶುರುವಾಗುತ್ತದೆ.

ಒಳಾಂಗಣದ ಪಿಯು ಬೇಡವೇ ಬೇಡ. ಮರ ಹಿಗ್ಗಿ ಕುಗ್ಗುವಾಗ ಅದು ಜೊತೆಗೆ ಬಾಗುವುದಿಲ್ಲ, ಸೀಳುತ್ತದೆ. ಇನ್ನೊಂದು ಕಾರಣ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ: ನೇರಳಾತೀತ ಕಿರಣ ಪಾರದರ್ಶಕ ಪದರದ ಮೂಲಕ ಹಾಯ್ದು ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನೇ ಒಡೆಯುತ್ತದೆ. ಪದರ ಗಟ್ಟಿಯಾಗಿದ್ದರೂ ಅದು ಕಚ್ಚಿಕೊಂಡಿದ್ದ ಮರದ ಮೈ ಸಡಿಲವಾಗಿ, ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ನಿಮ್ಮ ರೆಕ್ಕೆಗೆ ನನ್ನ ಆಯ್ಕೆ ಒಳಗಿಳಿಯುವ ಎಣ್ಣೆ. ಡಬ್ಬಿಯ ಮೇಲೆ ಯುವಿ (ನೇರಳಾತೀತ ಕಿರಣ) ತಡೆ, ಬೂಷ್ಟು ನಿರೋಧಕ ಎರಡೂ ಇರಲಿ. ಸ್ವಲ್ಪ ಜೇನು ಬಣ್ಣ ಬೆರೆತದ್ದು ನೀರಿನಷ್ಟು ತಿಳಿಯಾದದ್ದಕ್ಕಿಂತ ಹೆಚ್ಚು ಬಾಳುತ್ತದೆ, ಬಣ್ಣದ ಕಣಗಳೇ ಬಿಸಿಲನ್ನು ತಡೆಯುತ್ತವೆ. ತೆಳುವಾಗಿ ಬಳಿದು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ. ಗೆರೆಗಳಲ್ಲಿ ನಿಂತ ಎಣ್ಣೆಯನ್ನು ಒಣ ಬ್ರಷ್‌ನಿಂದ ಎಳೆದು ತೆಗೆಯಿರಿ. ಬಿಟ್ಟರೆ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಬ್ರಷ್‌ಹಿಡಿ:
ಎಣ್ಣೆ ಸುಲಭ, ಒಪ್ಪುತ್ತೇನೆ. ಆದರೆ ಮರ ಚೆನ್ನಾಗಿ ಒಣಗಿದ್ದು, ಹೊಳಪೂ ಬೇಕೆಂದರೆ ಸ್ಪಾರ್ ವಾರ್ನಿಷ್ ಬಿಡಬೇಡಿ. ಎಣ್ಣೆಯಂಶ ಹೆಚ್ಚಿರುವುದರಿಂದ ಅದು ಮರದ ಜೊತೆ ಬಾಗುತ್ತದೆ. 150 ನಂಬರಿನ ಉಪ್ಪುಕಾಗದ ಸಾಕು, ತೀರಾ ನಯ ಮಾಡಿದರೆ ಹಿಡಿತ ತಪ್ಪುತ್ತದೆ. ತೇಗವಾದರೆ ಅಸಿಟೋನ್‌ನಿಂದ ಒರೆಸಿ, ಅದು ಆರಿದ ಕೂಡಲೇ ಹಚ್ಚಿ.

ಮೊದಲ ಕೋಟ್‌ಗೆ ವಾರ್ನಿಷ್ ಎಷ್ಟೋ ಅಷ್ಟೇ ಟರ್ಪೆಂಟೈನ್. ಎರಡನೆಯದಕ್ಕೆ ನಾಲ್ಕು ಪಾಲಿಗೆ ಒಂದು. ಆಮೇಲೆ ಏನೂ ಬೆರೆಸದೆ ನೇರ. ನಡುವೆ ಒಂದು ದಿನ ಒಣಗಿಸಿ, 320 ನಂಬರಿನ ಕಾಗದದಲ್ಲಿ ಹಗುರಾಗಿ ಉಜ್ಜಿ ಧೂಳು ತೆಗೆಯಿರಿ. ಮಟ್ಟಸ ಭಾಗಕ್ಕೆ ಒಟ್ಟು ಆರು ಕೋಟ್ ಆಗಲಿ, ಕುಸುರಿ ಇರುವಲ್ಲಿ ನಾಲ್ಕು, ಅದೂ ತೆಳುವಾಗಿ. ಉಬ್ಬಿದ ಅಂಚುಗಳನ್ನು ಮರೆಯಬೇಡಿ: ಪದರ ಅಲ್ಲೇ ತೆಳ್ಳಗಾಗುವುದು, ಅಲ್ಲೇ ಮೊದಲು ಒಡೆಯುವುದು. ಹೊಳಪು ಮಾಸಿದಾಗಲೇ ಉಜ್ಜಿ ಒಂದೆರಡು ಕೋಟ್ ಕೊಡಿ. ಸಿಪ್ಪೆ ಎದ್ದ ಮೇಲೆ ಪೂರ್ತಿ ಕೆರೆಯುವುದೇ ಗತಿ, ಆ ಗೆರೆಗಳೊಳಗೆ ಕೆರೆಯುವುದು ಬಹಳ ಕಷ್ಟ.

ಮರದೆಳೆ:
ಅದಕ್ಕೇ ಎಣ್ಣೆ ಎಂದದ್ದು. ಅದು ಸಿಪ್ಪೆ ಏಳುವುದಿಲ್ಲ. ಬಣ್ಣ ಕಳೆಗುಂದಿದಾಗ ತೊಳೆದು, ಒಣಗಿಸಿ, ಮತ್ತೆ ಹಚ್ಚಿದರಾಯಿತು. ಬಿಸಿಲಿನ ಮಗ್ಗುಲಿಗೆ ವರ್ಷಕ್ಕೊಮ್ಮೆಯಾದರೂ ಬೇಕಾಗುತ್ತದೆ.

ಉಳಿಸುತ್ತಿಗೆ:
ಮೀಟರ್ 19% ತೋರಿಸುತ್ತಿದೆ, ಹಾಗಾಗಿ ಎಣ್ಣೆಯೇ. ಬರೀ ಲಿನ್ಸೀಡ್ (ಅಗಸೆ) ಎಣ್ಣೆ ಸಾಲದೇ? ಬೆನ್ನ ಮೇಲೆ ಒಂದು ಉದ್ದ ಬಿರುಕಿದೆ, ಅದನ್ನು ತುಂಬಲೇ?

ದಿಮ್ಮಿ:
ಬರೀ ಲಿನ್ಸೀಡ್ ಬೇಡ, ಬೂಷ್ಟಿಗೆ ಅದೇ ಆಹಾರ. ಮಳೆಗೆ ಮರ ಕಪ್ಪಾಗುತ್ತದೆ. 19% ಎಂದರೆ ಎಣ್ಣೆಗೂ ಸ್ವಲ್ಪ ಅವಸರವೇ. ನೆರಳಲ್ಲಿ, ಗಾಳಿಯಾಡುವಲ್ಲಿ ಇನ್ನಷ್ಟು ದಿನ ಇಡಿ. ಬಿರುಕು ತುಂಬಬೇಡಿ. ಒಣ ಹವೆಯಲ್ಲಿ ಅಗಲವಾಗಿ, ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ. ಗಟ್ಟಿ ಪುಟ್ಟಿ ತುಂಬಿದರೆ ಪಕ್ಕದಲ್ಲೇ ಹೊಸದು ಸೀಳುತ್ತದೆ. ಒಳಗೂ ಎಣ್ಣೆ ಬಿಡಿ, ನೀರು ನಿಲ್ಲದಂತೆ ಕೊಕ್ಕರೆಯನ್ನು ತುಸು ವಾಲಿಸಿ ನಿಲ್ಲಿಸಿ.

ನೀರು ಹೆಚ್ಚು ಕುಡಿಯುವುದು ಅಡ್ಡ ಕೊಯ್ದ ತುದಿ, ಅಂದರೆ ನೆತ್ತಿ ಮತ್ತು ಬುಡ. ಅಲ್ಲಿ ಹೀರುವುದು ನಿಲ್ಲುವವರೆಗೂ ಎಣ್ಣೆ ಹಚ್ಚುತ್ತಿರಿ. ಬುಡ ಮಣ್ಣಿಗಾಗಲಿ ಸಿಮೆಂಟಿಗಾಗಲಿ ತಾಗದಂತೆ ಸ್ಟೇನ್‌ಲೆಸ್ ಕಂಬಿಯ ಮೇಲೆ ಎರಡು ಇಂಚು ಎತ್ತರಿಸಿ, ಅಡಿಯಲ್ಲಿ ಗಾಳಿ ಆಡಲಿ.

ಒರೆಸಿದ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.