ಸ್ಟಾಫ್‌ಗೆ ಬರೆಯೋದು ಕಲಿಸೋದು ಹೇಗೆ? ನಮ್ಮ ದಾಲ್ ಮಿಲ್ಲಿನ ಅನುಭವ

ಯಾದಗಿರಿಯಿಂದ ಒಬ್ಬರು ಕೇಳಿದ್ದಾರೆ: ಬೀಜ, ಗೊಬ್ಬರದ ಅಂಗಡಿ, ಎಂಟು ಜನ ಕೆಲಸಕ್ಕಿದ್ದಾರೆ, ಎಲ್ಲರೂ ಚುರುಕು, ಆದರೆ ಕಂಪನಿಗೆ ಮೇಲ್ ಅಥವಾ ಗಿರಾಕಿಗೆ ವಾಟ್ಸಾಪ್ ಬರೆದರೆ ಏನೂ ಅರ್ಥ ಆಗಲ್ಲ, ವ್ಯಾಕರಣದ ಕ್ಲಾಸ್ ಹಾಕಿಸಲಾ ಅಂತ.

ನಾನು ಕಲಬುರಗಿಯಲ್ಲಿ ಒಂದು ದಾಲ್ ಮಿಲ್ಲಿನ ಆಫೀಸು ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷ ಆಯ್ತು. ಕ್ಲಾಸ್ ನಾವೂ ಹಾಕಿಸಿ ನೋಡಿದ್ದೇವೆ. ಎರಡು ಭಾನುವಾರ ಒಬ್ಬ ಮೇಷ್ಟ್ರು ಬಂದು ವಿಭಕ್ತಿ, ಸಂಧಿ ಎಲ್ಲ ಹೇಳಿದರು. ಚೆನ್ನಾಗಿಯೇ ಹೇಳಿದರು. ಸೋಮವಾರ ಬಂದ ಮೆಸೇಜುಗಳು ಮಾತ್ರ ಹಾಗೇ ಇದ್ದವು.

ನಮಗೆ ಬುದ್ಧಿ ಬಂದಿದ್ದು ಒಂದು ನಷ್ಟದಿಂದ. ರಾತ್ರಿ ಹನ್ನೊಂದಕ್ಕೆ ನಮ್ಮ ಡಿಸ್ಪ್ಯಾಚ್ ಹುಡುಗ ಗ್ರೂಪಿಗೆ ಹಾಕಿದ್ದ: ‘ಹೈದರಾಬಾದ್ ಪಾರ್ಟಿ ನಾಳೆ ಲೋಡ್ ಬೇಡ ಅಂದಾರ.’ ಗೋಡೌನಿನವರು ಅದನ್ನು ನೋಡಿದ್ದು ಬೆಳಿಗ್ಗೆ ಏಳಕ್ಕೆ. ಹುಡುಗ ಹೇಳಿದ್ದು ಅವತ್ತಿನ ಲೋಡಿನ ಬಗ್ಗೆ, ಅವರ ಲೆಕ್ಕಕ್ಕೆ ನಾಳೆ ಅಂದರೆ ಅದರ ಮರುದಿನ. ಹಮಾಲರನ್ನು ಕರೆದು ಅವತ್ತೇ 50 ಕೆಜಿಯ 200 ಚೀಲ ತುಂಬಿಸಿಬಿಟ್ಟರು. ಮತ್ತೆ ಇಳಿಸುವ ಹಮಾಲಿ ಬೇರೆ, ನಿಂತ ಲಾರಿಯ ಬಾಡಿಗೆ ಬೇರೆ. ಪಾಪ, ಹುಡುಗ ಅತ್ತುಬಿಟ್ಟ. ಆ ಮೆಸೇಜಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಅವತ್ತಿನಿಂದ ನಮ್ಮಲ್ಲಿ ‘ನಾಳೆ’, ‘ನಿನ್ನೆ’, ‘ಆ ಲಾರಿ’ ಅಂತ ಬರೆಯೋ ಹಾಗಿಲ್ಲ. ತಾರೀಖು, ವಾರ, ಲಾರಿ ನಂಬರು, ಪಾರ್ಟಿ ಹೆಸರು ಇರಲೇಬೇಕು. ಇದಿಷ್ಟೇ ಮಾಡಿದರೂ ನಿಮ್ಮ ಅರ್ಧ ತಲೆನೋವು ಕಮ್ಮಿ ಆಗುತ್ತೆ.

ಎರಡನೇದು, ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಸೋದು. ಅದೇ ಹುಡುಗ ಇನ್ನೊಂದು ದಿನ ‘ಸರ್ ತೂಕದ ಪ್ರಾಬ್ಲಂ ಆಗಿದೆ ನೋಡಿ’ ಅಂತ ಕಳಿಸಿದ. ನಾನು ಏನು ನೋಡಬೇಕು? ಕರೆದು ಕೂರಿಸಿ, ಏನಾಯ್ತಪ್ಪಾ ಹೇಳು ಅಂದೆ. ‘ಏನಿಲ್ರಿ ಸರ್, ಬಿಲ್ಟಿ ಮ್ಯಾಗ 10 ಟನ್ ಅದ, ಸೊಲ್ಲಾಪುರದಾಗ ಇಳಿಸಿದ್ರ 80 ಕೆಜಿ ಕಮ್ಮಿ ಬಂದದ, ಪಾರ್ಟಿ ರೊಕ್ಕ ಹಿಡೀತೀನಿ ಅಂತಾನ, ನಮ್ಮ ಕಾಟಾ ಚೀಟಿ ಕಳಸಲೇನ್ರಿ?’ (ಬಿಲ್ಟಿ ಅಂದರೆ ಲಾರಿಯ ಸಾಗಣೆ ರಸೀದಿ, ಕಾಟಾ ಚೀಟಿ ಅಂದರೆ ತೂಕದ ಚೀಟಿ.) ಎಲ್ಲ ಇದೆ ನೋಡಿ ಅದರಲ್ಲಿ. ಏನಾಯ್ತು, ಎಷ್ಟು, ಯಾರು ಏನಂದರು, ನಾನೇನು ಮಾಡಬೇಕು. ಇದನ್ನೇ ಬರಿ ಅಂದೆ. ‘ಇದನ್ನಾ? ಇದು ಬರೇ ಮಾತು ಅಲ್ಲೇನ್ರಿ?’ ಅಂದ! ಬರೆಯೋದು ಅಂದರೆ ಬೇರೆ ಏನೋ ದೊಡ್ಡದು ಅಂತ ಅವರ ತಲೆಯಲ್ಲಿ ಕೂತಿದೆ. ಆ ಹೆದರಿಕೆ ಹೋಗಬೇಕು.

ನಮ್ಮ ಲೆಕ್ಕ ಬರೆಯೋ ಮುನೀಮರದು ಇದರ ಉಲ್ಟಾ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಅಂತ ಶುರು ಮಾಡಿದರೆ ಬಾಕಿ ಎಷ್ಟು ಅನ್ನೋದು ಎರಡನೇ ಪುಟದಲ್ಲಿ ಸಿಗುತ್ತಿತ್ತು. ಹಿರಿಯರು, ತಿದ್ದೋದು ಹೇಗೆ? ‘ಕಾಕಾ, ಬಾಕಿ ಮೊತ್ತ ಮತ್ತೆ ಯಾವ ತಾರೀಖಿನೊಳಗೆ ಕೊಡಬೇಕು ಅನ್ನೋದನ್ನ ಮೊದಲನೇ ಸಾಲಿಗೆ ತನ್ನಿ, ಉಳಿದಿದ್ದು ನಿಮ್ಮಿಷ್ಟ’ ಅಂತ ಅಷ್ಟೇ ಕೇಳಿಕೊಂಡೆ. ಒಪ್ಪಿದರು. ಈಗ ಅವರ ಪತ್ರ ತಾನಾಗಿಯೇ ಅರ್ಧ ಪುಟಕ್ಕೆ ಬಂದಿದೆ.

ಇನ್ನೊಂದು ಮಾತು, ದಯವಿಟ್ಟು ನಮ್ಮ ಕಡೆಯ ಮಾತುಗಳನ್ನು ತಪ್ಪು ಅಂತ ಕೆಂಪು ಗೆರೆ ಹಾಕಬೇಡಿ. ನಿಜಾಮರ ಆಳ್ವಿಕೆ ಮುಗಿದಿದ್ದು 1948ರಲ್ಲಿ, ಅಲ್ಲಿತನಕ ಇಲ್ಲಿ ಸರ್ಕಾರಿ ಕಾಗದ ಹೆಚ್ಚಾಗಿ ಉರ್ದುವಿನಲ್ಲೇ ನಡೆಯುತ್ತಿತ್ತು. ದಫ್ತರ, ದರ್ಖಾಸ್ತು ಈಗ ನಮ್ಮ ಮಾತೇ ಅಲ್ವಾ. ಓದುವವರು ಗಂಜಿನ, ಅಂದರೆ ಮಾರುಕಟ್ಟೆಯ, ಅಡತಿಯವರಾದರೆ (ಕಮಿಷನ್ ಏಜೆಂಟರಾದರೆ) ಅವರಿಗೆ ಬೇಗ ತಿಳಿಯೋದೂ ಅದೇ. ಬೆಂಗಳೂರಿಗೆ ಹೋಗೋ ಮೇಲ್ ಆದರೆ ಒಂದೆರಡು ಶಬ್ದ ಬದಲಾಯಿಸಿದರೆ ಸಾಕು.

ಟೈಪಿಂಗ್ ಬರದವರಿಗೆ ಫೋನಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಹೇಳೋಕೆ ಹೇಳಿ. ಎಲ್ಲ ಒಂದೇ ಉದ್ದ ಸಾಲಾಗಿ ಬರುತ್ತೆ, ಚುಕ್ಕಿ ನಾವೇ ಇಡಬೇಕು, ಅಂಕಿಗಳನ್ನು ಮಾತ್ರ ಎರಡು ಸಲ ನೋಡಬೇಕು. ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಮೇಲ್‌ಗೆ ಅಂಟಿಸಿದರೆ ಆ ಕಡೆ ಬರೀ ವಿಚಿತ್ರ ಅಕ್ಷರ ಕಾಣುತ್ತೆ, ಎಲ್ಲ ಫೋನು, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣೋ ಯುನಿಕೋಡ್‌ನಲ್ಲೇ ಮಾಡಿಸಿ. ಕಂಪನಿಗೆ ಇಂಗ್ಲಿಷ್ ಮೇಲ್ ಬೇಕಾದರೂ ನಮ್ಮ ಬಿಲ್ಲಿಂಗ್ ಹುಡುಗಿ ಮೊದಲು ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಳ್ಳುತ್ತಾಳೆ, ಆಮೇಲೆ ಇಂಗ್ಲಿಷಿಗೆ ತರುತ್ತಾಳೆ. ಹೇಳೋದೇನು ಅಂತ ಗೊತ್ತಿದ್ದರೆ ಇಂಗ್ಲಿಷ್ ಅಷ್ಟು ಕಾಡಲ್ಲ.

ಗ್ರೂಪಿನಲ್ಲಿ ಎಲ್ಲರ ಮುಂದೆ ಮಾತ್ರ ತಿದ್ದಬೇಡಿ. ಒಂದು ಸಲ ನಾನು ನಮ್ಮ ಆಫೀಸಿನ ಒಬ್ಬ ಹೆಣ್ಣುಮಗಳಿಗೆ ಹಾಗೆ ಮಾಡಿದ್ದೆ. ಆ ಹೆಣ್ಣುಮಗಳು ಎರಡು ತಿಂಗಳು ಏನೂ ಬರೆಯಲಿಲ್ಲ, ಎಲ್ಲಕ್ಕೂ ಫೋನೇ. ನಾನೇ ಹೋಗಿ ತಪ್ಪಾಯ್ತಮ್ಮ ಅಂದ ಮೇಲೆ ಸರಿಹೋಯ್ತು. ಸುಮ್ನೆ ನೀವೇ ಪೂರ್ತಿ ಬರೆದುಕೊಡೋದೂ ಬೇಡ, ನಾಳೆ ಅದಕ್ಕೂ ನಿಮ್ಮ ಹತ್ತಿರವೇ ಬರುತ್ತಾರೆ.

ಯಾರಿಂದ ಶುರು ಮಾಡಬೇಕು ಅಂತ ಯೋಚನೆ ಇದ್ದರೆ ಒಂದು ವಾರ ಲೆಕ್ಕ ಇಡಿ. ಯಾರು ಮೆಸೇಜು ಹಾಕಿದ ಮೇಲೆ ‘ಏನಂದ್ರಿ?’ ಅಂತ ಕೇಳೋ ಫೋನು ಜಾಸ್ತಿ ಬರುತ್ತೋ, ಅವರ ಜೊತೆ ಮೊದಲು ಕೂತುಕೊಳ್ಳಿ. ದಿನಕ್ಕೆ ಹತ್ತು ನಿಮಿಷ, ಅವತ್ತಿನ ಮೆಸೇಜೇ ಪಾಠ.